ಕಳಿಸಿಕೊಡುವವರು

ಪ್ರವಾಸದ ಬೆಳಿಗ್ಗೆ ಅತ್ತೆಯ ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣವನ್ನು ಮೆಲ್ಲಗೆ ತೆಗೆದು ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟೆ. ನೀವಾದರೂ ಇನ್ನೇನು ಮಾಡುತ್ತಿದ್ದಿರಿ ಹೇಳಿ? ಹೋಗುವ ಜಾಗದಲ್ಲಿ ಕಲ್ಲು ಮುಟ್ಟುವಂತಿಲ್ಲ, ಹೂವು ಇಡುವಂತಿಲ್ಲ, ಹಗ್ಗ ದಾಟುವಂತಿಲ್ಲ ಎಂದು ಪ್ರವಾಸ ಏರ್ಪಡಿಸಿದವರು ಮೊಬೈಲಿಗೆ ಮತ್ತೆ ಮತ್ತೆ ಕಳಿಸಿದ್ದರು. ಹೊಸಿಲು ಕಂಡರೆ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಕಾಮಾಕ್ಷಿಪಾಳ್ಯದ ಬಸ್ ನಿಲ್ದಾಣಕ್ಕೊಂದು ಹೊಸಿಲಿದ್ದಿದ್ದರೆ ಅದಕ್ಕೂ ಕುಂಕುಮ ಇಟ್ಟೇ ಬಸ್ಸು ಹತ್ತುವ ಜೀವ ಅದು.

ಪಕ್ಕದ ವಿಜಯನಗರ ಬಡಾವಣೆಯಲ್ಲಿ ಮಿನಿಬಸ್ಸು ಹತ್ತಿ ನಾವು ಹೊರಟಿದ್ದು ದೂರದ ಕಾಡಿನ ನಡುವೆ, ಬೆಟ್ಟದ ಮೇಲೆ, ಪಾಳೇಗಾರರ ಕಾಲದ ಕಲ್ಲುಕೋಟೆಯೊಳಗಿನ ಒಂದು ಊರಿಗೆ. ಊರು ಎನ್ನುವುದು ಮರ್ಯಾದೆಗೆ. ಕಾಡನ್ನು ಉಳಿಸಬೇಕೆಂದು ಅಲ್ಲಿದ್ದವರನ್ನೆಲ್ಲ ಕೆಳಗಿಳಿಸಿ ಎಷ್ಟೋ ಕಾಲವಾಯಿತು, ಈಗ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಬಸ್ಸಿನಲ್ಲಿದ್ದ ಮಿಕ್ಕವರಿಗೆ ಅದು ಇತಿಹಾಸ, ಅತ್ತೆಗೆ ತವರು. ಕಣ್ಣು ಮುಚ್ಚುವ ಮೊದಲು ಒಂದು ಸಲ ಅಲ್ಲಿಗೆ ಹೋಗಬೇಕೆಂದು ವರ್ಷಗಟ್ಟಲೆ ನನ್ನ ತಲೆ ತಿಂದಿದ್ದರು. ನನಗೂ ಒಳಗೊಳಗೇ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ? ನನ್ನ ತವರು ಬಿನ್ನಿಪೇಟೆಯ ಗಿರಣಿ ಕಾರ್ಮಿಕರ ವಠಾರದಲ್ಲಿತ್ತು. ಈಗ ಅಲ್ಲೆದ್ದಿರುವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಯಾವ ಫ್ಲ್ಯಾಟು ಮೇಡಂ ಎಂದು ಕೇಳುತ್ತಾರೆ. ಹೋಗಿ ನಿಂತು ಅಳುವುದಕ್ಕೆ ಒಂದು ಮುರುಕಲು ಗೋಡೆಯಾದರೂ ಇರಬಾರದಿತ್ತೇ ಎಂಬ ಸಂಕಟ ನನ್ನದು.

ಕೋಟೆಯೊಳಗೆ ಗೋಡೆಗಳು ಎಷ್ಟು ನಾಜೂಕಾಗಿವೆ ಎಂದು ಗೈಡಮ್ಮ ವಿವರಿಸುತ್ತಿದ್ದರೆ ಅತ್ತೆ ನೇರವಾಗಿ ಸೂರಿಲ್ಲದ ಮನೆಯೊಂದರ ಮುಂದೆ, ಹಗ್ಗದ ಈಚೆ ಹೋಗಿ ನಿಂತರು. ಕದ ಹೋಗಿ ಬಾಗಿಲುವಾಡದ ಕಲ್ಲಷ್ಟೇ ಉಳಿದಿತ್ತು. ಮಿಕ್ಕವರು ಸುತ್ತಾಡಿ, ಫೋಟೊ ತೆಗೆದು, ಬಸ್ಸಿನ ಕಡೆ ಇಳಿಯತೊಡಗಿದರೂ ಅತ್ತೆ ಕದಲಲಿಲ್ಲ. ಅದು ಅವರು ಹುಟ್ಟಿದ ಮನೆ ಎಂದು ನಾನು ಹೇಳಿದ ಮೇಲೆ ಗೈಡಮ್ಮನ ಮನಸ್ಸು ಕರಗಿತು. ಏನನ್ನೂ ಮುಟ್ಟದೆ ಒಬ್ಬರು ಮಾತ್ರ ಹೋಗಿ ಬರಲಿ ಎಂದು ಹಗ್ಗವನ್ನು ಎತ್ತಿ ಹಿಡಿದರು. ಅತ್ತೆ ಬೇಡವೆಂದು ತಲೆಯಾಡಿಸಿದರು.

“ಒಳಗೆ ಹೋಗೋಕಲ್ಲಮ್ಮ ನಾನು ಬಂದಿದ್ದು. ಊರು ಬಿಡೋವಾಗ ಸಾಮಾನು ಕಟ್ಟೋಕೆ ಅಂತ ಗಂಡನ ಮನೆಯಿಂದ ಬಂದಿದ್ದೆ. ನಮ್ಮವ್ವ, ಅಪ್ಪ, ಎಲ್ಲಾ ಒಟ್ಟಿಗೇ ಲಾರಿ ಹತ್ತಿಬಿಟ್ವಿ. ಹೋಗ್ಬಾ ಅಂತ ಬಾಗ್ಲಲ್ಲಿ ನಿಂತು ಕಳಿಸೋಕೆ ಯಾರೂ ಉಳೀಲಿಲ್ಲ.”

ಸ್ನೇಹಿತರೇ, ಬಿಟ್ಟು ಹೋದ ಮನೆಗಾಗಿ ಹಂಬಲಿಸುವವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಅವರಲ್ಲೊಬ್ಬಳು. ಸರಿಯಾಗಿ ಬಿಟ್ಟು ಹೋಗುವುದಕ್ಕಾಗಿಯೇ ಇಷ್ಟು ಕಾಲ ಹಂಬಲಿಸಿದ ಹೆಣ್ಣನ್ನು ಆವತ್ತೇ ಕಂಡಿದ್ದು.

ಅತ್ತೆ ನನ್ನ ಕಡೆ ತಿರುಗಿ, “ನೀನು ಹೋಗಿ ನಿಂತ್ಕೊ,” ಎಂದರು.

ಹಗ್ಗದಡಿ ನುಸುಳಿ, ಏನನ್ನೂ ಮುಟ್ಟದೆ, ಕದವಿಲ್ಲದ ಬಾಗಿಲಲ್ಲಿ ನಿಂತೆ. ಮದುವೆಯಾಗಿ ಬಂದಂದಿನಿಂದ ಅವರೆದುರು ಅವರ ಹೆಸರೆತ್ತಿದವಳಲ್ಲ. ಬೆನ್ನ ಹಿಂದೆ ಗೊಣಗುವಾಗಲೂ ‘ಅತ್ತೆ’ ಎಂದೇ ಗೊಣಗಿದವಳು.

“ಗೌರಿ, ಹೋಗ್ಬಾ ಮಗಳೇ,” ಎಂದೆ.

“ಬರ್ತೀನಿ ಕಣವ್ವ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಗೈಡಮ್ಮನ ಕೈ ಹಿಡಿದು ಇಳಿಜಾರಿಗೆ ತಿರುಗಿದರು. ಕೆಳಗೆ ಬಸ್ಸು ಕಾಯುತ್ತಿತ್ತು, ನಾನೂ ಜೊತೆಗೇ ಇಳಿಯಬೇಕಿತ್ತು. ಆದರೆ ಮಗಳು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲು ಬಿಟ್ಟು ಬರುವುದುಂಟೇ?