ಕೂಸಿನ ಮೂಗಿಗೆ ಊದುವ ಗುತ್ತೆವ್ವ

ಹಿರೇಕೆರೂರಿನ ನಮ್ಮ ಓಣಿಯಲ್ಲಿ ಗುತ್ತೆವ್ವನ ಕಾಲ ಮೇಲೆ ಮಲಗದೆ ದೊಡ್ಡದಾದ ಕೂಸು ಇಲ್ಲ. ಅರವತ್ತು ದಾಟಿದ ಆಕೆ ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಬೋರಲು ಹಾಕಿಕೊಂಡಳೆಂದರೆ ಎಂಥ ಜೋರಿನ ಅತ್ತೆಯೂ ಬಾಯಿ ಮುಚ್ಚಿಕೊಂಡು ಬಿಸಿನೀರು ತಂದುಕೊಡಬೇಕು. ಎಣ್ಣೆ ತಿಕ್ಕಿ, ಮೂಗು ನೀವಿ, ನೀರೆರೆದು, ಕಡೆಗೆ ಕೂಸಿನ ಮೂಗಿಗೆ ಬಾಯಿ ಹಚ್ಚಿ "ಫೂ" ಎಂದು ಊದುತ್ತಿದ್ದಳು. ಒಳಗೆ ಹೋದ ನೀರು ಹೊರಗೆ ಬರಬೇಕಲ್ಲ! ನನ್ನ ಮೂರು ತಿಂಗಳ ಮಾದೇವಿಗೂ ದಿನಾ ಈ ಊದು ತಪ್ಪುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಓಣಿಗೆ ಫ್ಲೂ ಜ್ವರ ಬಂತು. ಮನೆಮನೆಗೆ ಬಂದ ನರ್ಸಬಾಯಿ, "ಕೆಮ್ಮು ಇದ್ದವರು ಎಳೇ ಕೂಸಿನ ಹಂತೇಕ ಸುಳೀಬಾರದು, ಎದಿಗೆ ಇಳೀತೈತಿ" ಎಂದು ಹೇಳಿ ಹೋದರು. ಎದುರಿನ ಹಾಜರಾಬಿಯ ಮನೆಯಲ್ಲಿ ನಾಲ್ಕು ಮಂದಿ ಜ್ವರದಿಂದ ಮಲಗಿದ್ದರು. ಗುತ್ತೆವ್ವ ಹಾಜರಾಬಿಯ ಮೊಮ್ಮಗನಿಗೆ ಎರೆದೇ ನಮ್ಮಲ್ಲಿಗೆ ಬರುತ್ತಿದ್ದಳು. ಅಲ್ಲಿ ಊದಿದ ಬಾಯೇ ಇಲ್ಲಿ ಊದುವುದು!

ನಮ್ಮವರಿಗೆ ಹೇಳಿದೆ. "ನನಗೂ ಆಕೀನ ಊದ್ಯಾಳ. ನೋಡು, ಹೆಂಗ ಕಲ್ಲಗುಂಡಿನಂಗ ಅದೇನಿ" ಎಂದು ಎದೆ ತಟ್ಟಿಕೊಂಡು, ಮರುಗಳಿಗೆಯೇ ಮೂರು ಸಲ ಸೀನಿದರು. ಅವರ ಹಾಸಿಗೆಯನ್ನು ಪಡಸಾಲೆಗೆ ಎಳೆದು, ಲೋಟ ಬೇರೆ ಇಟ್ಟೆ.

ಮರುದಿನ ಗುತ್ತೆವ್ವ ಕೆಮ್ಮುತ್ತಲೇ ಬಂದಳು. ಬಾಗಿಲಲ್ಲೇ ತಡೆದೆ.

"ಆಯಿ, ಕೆಮ್ಮು ನಿಲ್ಲೂತನಕ ಬರಬ್ಯಾಡ. ಆಮ್ಯಾಲೂ ಊದೂದು ಬ್ಯಾಡ."

"ಯಾಕ, ನನ್ನ ಬಾಯಾಗ ಇಲಿ ಸತ್ತಾವೇನು? ನಿನ್ನ ಗಂಡನ ಮೂಗು ನೆಟ್ಟಗ ಮಾಡಿದಾಕಿ ನಾ!"

"ಅದು ಇನ್ನೂ ಒಂಚೂರು ಸೊಟ್ಟ ಐತಿ, ಆಯಿ." ಬಾಯಿ ತಪ್ಪಿ ಬಂದುಬಿಟ್ಟಿತು.

ಅಷ್ಟೇ. ಹೋಗಿ ಓಣಿಯ ಆಚೆ, ಹಾಜರಾಬಿಯ ಮಗ್ಗುಲಲ್ಲಿದ್ದ ತನ್ನ ಮನೆಯ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತಳು.

ಎರಡು ದಿನ ಮಾದೇವಿಗೆ ಸ್ನಾನವಿಲ್ಲ. ಅತ್ತೆ ತೀರಿಕೊಂಡಿದ್ದರು, ತವರು ದೂರದ ಶಿಗ್ಗಾಂವ. ಕೂಸಿಗೆ ಎರೆದು ನನಗೆ ರೂಢಿಯೂ ಇರಲಿಲ್ಲ. ಮೂರನೆಯ ದಿನ ಕೂಸಿನ ಕಿರಿಕಿರಿ ತಾಳಲಾರದೆ ಮಣೆ, ನೀರು, ಎಣ್ಣೆ ಎಲ್ಲ ಅಂಗಳದ ಬಿಸಿಲಿಗೆ ತಂದೆ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕತೊಡಗಿದೆ. ಎದುರು ಕಟ್ಟೆಯ ಗುತ್ತೆವ್ವ ಮೆಲ್ಲಗೆ ಇತ್ತ ತಿರುಗಿದಳು.

"ಏ ತಂಗಿ! ಅದು ಕೂಸೋ, ಬಟಾಟಿಯೋ? ಹಂಗ್ಯಾಕ ತಿಕ್ಕತಿ?"

"ಮತ್ತ ಹೆಂಗ?"

"ಕುತ್ತಿಗಿ ಹಿಡಿ! ಒಂದ ಕೈಲೆ ಕುತ್ತಿಗಿ!" ಎನ್ನುತ್ತ ಎದ್ದೇ ಬಂದಳು.

"ಅಲ್ಲೇ ನಿಂತು ಹೇಳು, ಆಯಿ!"

ನಡು ಓಣಿಯಲ್ಲಿ ನಿಂತಳು. ಸೆರಗು ಬಾಯಿಗಿಟ್ಟುಕೊಂಡು ಹುಕುಂ ಕೊಡತೊಡಗಿದಳು. ಅಷ್ಟರಲ್ಲಿ ಬಂದ ಚಕ್ಕಡಿಯವನಿಗೂ, "ತಡಿಯೋ, ಇನ್ನೂ ತಲಿ ಎರದಿಲ್ಲ" ಎಂದು ಗದರಿದಳು. ಪಾಪ, ಆತ ಎತ್ತು ಹಿಡಿದು ನಿಂತ.

"ಈಗ ಊದು!"

"ಊದೂದಿಲ್ಲ" ಎಂದು ಮೆತ್ತನೆಯ ಅರಿವೆಯ ತುದಿಯಿಂದ ಮೂಗು ಒರೆಸಿದೆ. ಮಾದೇವಿ ಒಮ್ಮೆ ಆಕಳಿಸಿ ನಿದ್ದೆಹೋದಳು.

ಗುತ್ತೆವ್ವ ನೋಡುತ್ತಲೇ ನಿಂತಳು. ಚಕ್ಕಡಿ ಹೋದ ಮೇಲೆ ದನಿ ಸಣ್ಣದು ಮಾಡಿ, "ಊದಲಾರದನ ಮಲಗಿತಲ್ಲ... ಹಂಗಾರ ಇನ್ನ ನಾ ಯಾಕ ಬೇಕು?" ಎಂದಳು.

ನಾನು ತೊಯ್ದ ಸೆರಗು ಹಿಂಡಿ ತೋರಿಸಿದೆ. "ನನ್ನ ಸೀರಿ ನೋಡಾಯಿ. ಕೂಸಿಗಿಂತ ನನ್ನ ಮ್ಯಾಲ ಹೆಚ್ಚು ನೀರು ಬಿದ್ದಾವು. ಕೆಮ್ಮು ನಿಂತ ದಿನಾನ ಬಂದುಬಿಡು."

ಅಂದಿನಿಂದ ದಿನಾ ಶುಂಠಿ ಕಷಾಯ ಮಾಡಿ, ಆಕೆಯ ಕಟ್ಟೆಯ ಮೇಲಿಟ್ಟು ದೂರ ಸರಿದು ಮಾತಾಡಿಸಿ ಬರುತ್ತಿದ್ದೆ.

ಎಂಟು ದಿನದ ಮೇಲೆ, ಕೆಮ್ಮು ನಿಂತು, ಬಂದವಳೇ ಎರಡೂ ಕೈ ಮುಂದೆ ಚಾಚಿ, "ನೀರು ಹಾಕು, ಸಾಬಾಣ ತಾ" ಎಂದು ಮೊಣಕೈತನಕ ತೊಳೆದುಕೊಂಡಳು. ಮಾದೇವಿಗೆ ಒಂದು ಸೀನೂ ಬಂದಿರಲಿಲ್ಲ. ಎರೆದು, ಅರಿವೆಯಿಂದ ಮೂಗು ಒರೆಸಿದಳು, ಊದಿನ ಮಾತೇ ಎತ್ತಲಿಲ್ಲ.

ಮರುದಿನ ಹಾಜರಾಬಿಯ ಬಚ್ಚಲಿನಿಂದ ಗುತ್ತೆವ್ವನ ದೊಡ್ಡ ದನಿ ಕೇಳಿತು. ಹಾಜರಾಬಿ, "ಯಾಕ ಗುತ್ತೆವ್ವಾ, ಊದಲೇ ಇಲ್ಲ?" ಎಂದಿದ್ದಳಂತೆ.

"ಊದಾಕ ಅದೇನು ಮೂಗೋ, ಒಲಿಯೋ? ಅರಿವಿ ತಾ! ಇಷ್ಟು ವರ್ಸ ಆತು, ನಿಮಗ ಯಾರೂ ಹೇಳಿಲ್ಲೇನು?"