ಒಡಿಲೊನ್ ಕಿತ್ತಿಟ್ಟ ಸ್ವಿಚ್ಚುಗಳು

ಒಡಿಲೊನ್ ದೊಡ್ಡ ಎಲೆಕ್ಟ್ರಿಷಿಯನ್ ಎಂದು ಕೇರಿಯವರೆಲ್ಲ ಹೇಳುತ್ತಿದ್ದರು. ಅವನೂ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದ. ಹೇಳದೆ ಉಳಿದವಳು ಅವನ ಹೆಂಡತಿ ಇರಾಸಿ ಒಬ್ಬಳೇ.

ಬ್ರೆಜಿಲಿನ ಉಬಾ ಊರಿನ ಆ ಗುಡ್ಡದ ಕೇರಿಯಲ್ಲಿ ನೀರು ಬಿಸಿಯಾಗುವುದು ಶವರಿನ ಬುರುಡೆಯೊಳಗೇ. ನೆತ್ತಿಯ ಮೇಲೇ ಕರೆಂಟು. ಎಲ್ಲಾದರೂ ಸೋರಿದರೆ ತಕ್ಷಣ ಟ್ರಿಪ್ ಆಗಿ, ಅಂದರೆ ತಾನೇ ಕೆಳಗೆ ಬಿದ್ದು ಕರೆಂಟು ಕಡಿದು, ಜೀವ ಉಳಿಸಲೆಂದು ಮೇನ್ ಬೋರ್ಡಿನಲ್ಲಿ ಒಂದು ಸ್ವಿಚ್ಚು ಇರುತ್ತದೆ. ಅದು ಟ್ರಿಪ್ ಆದರೆ ಜನಕ್ಕೆ ಸಿಟ್ಟು. ಸೋರಿದ್ದೆಲ್ಲಿ ಎಂದು ಯಾರೂ ಕೇಳುವುದಿಲ್ಲ, ಒಡಿಲೊನನನ್ನು ಕರೆಯುತ್ತಾರೆ.

"ಒಡಿಲೊನಣ್ಣ, ತಲೆತುಂಬ ಸೋಪು ಹಚ್ಕೊಂಡಿರ್ತೀನಿ, ಆಗಲೇ ಟಪ್ ಅಂತ ಬಿದ್ದೋಗುತ್ತೆ ನೋಡಿ!" ಎಂದು ಎದುರುಮನೆಯ ಜುರೇಮಾ ಗೋಳಾಡುತ್ತಿದ್ದಳು.

"ಇದು ಬರೀ ಅಂಜುಬುರುಕ ಸ್ವಿಚ್ಚು ಅಕ್ಕ. ಕಿತ್ತುಬಿಟ್ರೆ ನೀವೂ ಆರಾಮ, ನಾನೂ ಆರಾಮ."

ಕೀಳುತ್ತಿದ್ದ, ಎರಡು ತುದಿಯನ್ನೂ ನೇರ ಜೋಡಿಸುತ್ತಿದ್ದ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಶವರಿನ ಹಸಿರು ಅರ್ತ್ ವೈರನ್ನು ಕತ್ತರಿಸಿ ಗೋಡೆಯೊಳಕ್ಕೆ ತುರುಕುತ್ತಿದ್ದ. ಕಾಫಿ ಆರುವ ಮೊದಲೇ ಕೆಲಸ ಮುಗಿಯುತ್ತಿತ್ತು. ಕಿತ್ತ ಸ್ವಿಚ್ಚುಗಳನ್ನು ಹಿತ್ತಲ ಕೊಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ, ಬೇಟೆಯಾಡಿ ಹುಲಿ ತಂದವನ ಹಾಗೆ.

ಆಮೇಲೆ ಮನೆಮನೆಯಲ್ಲೂ ಶವರ್ 'ಕಚ್ಚುತ್ತಿತ್ತು', ನಲ್ಲಿ ಮುಟ್ಟಿದರೆ ಶಾಕ್. ಅದಕ್ಕೂ ಜನ ಹೊಂದಿಕೊಂಡರು. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿ, ನಲ್ಲಿಗೆ ಒಣ ಟವೆಲ್ ಸುತ್ತಿ ತಿರುಗಿಸುವುದನ್ನು ಮಕ್ಕಳು ಹಲ್ಲುಜ್ಜುವುದರ ಜೊತೆಗೇ ಕಲಿತರು. ಸ್ನಾನಕ್ಕೆ ಹೋಗುವುದಕ್ಕೂ ನಾಯಿ ಇರುವ ಮನೆಗೆ ಹೋಗುವುದಕ್ಕೂ ವ್ಯತ್ಯಾಸವಿರಲಿಲ್ಲ. ಇಷ್ಟಾದರೂ ಒಡಿಲೊನನನ್ನು ಹೊಗಳುವುದು ನಿಲ್ಲಲಿಲ್ಲ. ಇಂಥ ಜನಕ್ಕೆ ಇಂಥವನೇ ಸರಿ ಎಂದು ಇರಾಸಿ ಅಂದುಕೊಳ್ಳುತ್ತಿದ್ದಳು. ಆದರೆ ಅವಳ ಬಚ್ಚಲಲ್ಲೂ ಚಪ್ಪಲಿ ಇತ್ತು, ಟವೆಲ್ಲೂ ಇತ್ತು. ಪಾಪ, ಗಂಡನಿಗೆ ಅಷ್ಟೇ ಬರುವುದು, ಕಲಿಸಿದವರಿಲ್ಲ ಎಂದು ಅವಳು ಸುಮ್ಮನಿದ್ದಳು. ಹೆಡ್ಡನ ಜೊತೆ ಬಾಳಬಹುದು.

ಮಗಳು ಜನೈನಾ ತುಂಬು ಬಸುರಿ, ಗಂಡನೊಂದಿಗೆ ಹೊಸ ಮನೆಗೆ ಬಂದಿದ್ದಳು. ಒಂದು ಭಾನುವಾರ ಫೋನು ಮಾಡಿದಳು. "ಅಪ್ಪಾ, ಶವರ್ ಲೈನ್ ಹಾಕಿದ್ರೆ ಸಾಕು, ಸ್ವಿಚ್ಚು ಬೀಳ್ತಿದೆ. ಬಂದು ನೋಡ್ತೀಯಾ?"

 ಇರಾಸಿಯೂ ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಗಂಡನ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದಳು.

"ಅಲ್ಲೂ ಕಿತ್ತಿಯೋ, ನಿನ್ನ ಕೈ ಮುರೀತೀನಿ. ಹೊಟ್ಟೇಲಿ ಮಗು ಇದೆ ಅವಳಿಗೆ."

ಅಲ್ಲಿ ತಲುಪಿದ ಒಡಿಲೊನ್ ಮಗಳು ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಬೋರ್ಡಿನ ಮುಂದೆ ನಿಂತು ಎಲ್ಲ ಲೈನುಗಳನ್ನೂ ಆಫ್ ಮಾಡಿ, ಆ ಸ್ವಿಚ್ಚನ್ನು ಮೇಲೆತ್ತಿದ. ನಿಂತಿತು. ಆಮೇಲೆ ಒಂದೊಂದೇ ಲೈನ್ ಹಾಕುತ್ತ ಹೋದ. ದೀಪ, ಅಡುಗೆಮನೆ, ಕೋಣೆ, ಎಲ್ಲ ಸರಿ. ಶವರಿನದನ್ನು ಹಾಕಿದ್ದೇ ಟಪ್ಪೆಂದು ಬಿತ್ತು. ಮೇನ್ ಆಫ್ ಮಾಡಿ, ಶವರನ್ನು ವೈರಿನಿಂದ ಬಿಡಿಸಿಟ್ಟು, ಮತ್ತೆ ಆ ಲೈನ್ ಹಾಕಿ ನೋಡಿದ. ಆಗಲೂ ಬಿತ್ತು.

"ಶವರ್‌ದಲ್ಲ ತಪ್ಪು. ಗೋಡೆಯೊಳಗಿನ ವೈರ್‌ದು," ಎಂದ.

ಮತ್ತೆ ಮೇನ್ ಆಫ್ ಮಾಡಿ ಪೈಪಿನಿಂದ ವೈರ್ ಎಳೆದ. ಮನೆ ಕಟ್ಟಿದವನು ಕಡ್ಡಿಯಷ್ಟು ತೆಳು ವೈರ್ ಹಾಕಿದ್ದ. ಅದು ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಹಸಿರು ಅರ್ತ್ ವೈರಿಗೆ ಅಂಟಿಕೊಂಡಿತ್ತು. ಒಡಿಲೊನ್ ದಪ್ಪ ವೈರ್ ತಂದು ಹೊಸದಾಗಿ ಎಳೆದ, ಅರ್ತನ್ನು ಬಿಗಿಯಾಗಿ ಜೋಡಿಸಿದ. ಸಂಜೆಯಾಯಿತು. ಶವರ್ ಹರಿಯಿತು, ಸ್ವಿಚ್ಚು ನಿಂತಿತು. ಕೊನೆಗೆ ಸ್ವಿಚ್ಚಿನ ಪರೀಕ್ಷೆಯ ಗುಂಡಿಯನ್ನೂ ಒತ್ತಿ, ಅದು ಬೀಳುವುದನ್ನು ಕಣ್ಣಾರೆ ನೋಡಿದ ಮೇಲೇ ಬೋರ್ಡು ಮುಚ್ಚಿದ.

ಇರಾಸಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಮೊದಲು ಹಾಯೆನಿಸಿತ್ತು. ನೋಡುತ್ತ ನೋಡುತ್ತ ಮೈ ತಣ್ಣಗಾಯಿತು.

"ಹಾಗಾದ್ರೆ ನಿನಗೆ ಬರತ್ತೆ," ಎಂದಳು.

"ಏನು?"

"ಹುಡುಕೋದು. ಮೊದಲಿಂದ್ಲೂ ಬರ್ತಿತ್ತು."

ಒಡಿಲೊನ್ ಕೈ ಒರೆಸಿಕೊಂಡ. "ಎಲ್ಲರ ಮನೇಲೂ ಇಡೀ ದಿನ ಕೂರೋಕಾಗತ್ತಾ? ಇದು ಮಗಳ ಮನೆ ಕಣೇ."

"ಮತ್ತೆ ನಮ್ಮನೆ?"

"ಅಯ್ಯೋ, ನೀನು ಚಪ್ಪಲಿ ಹಾಕ್ಕೋತೀಯಲ್ಲ!"

ಇರಾಸಿ ಸೀದಾ ಮಗಳ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರಿಗಾಲಲ್ಲಿ ನಿಂತು, ಹೆದರುತ್ತಲೇ ಬರಿಗೈಯಲ್ಲಿ ನಲ್ಲಿ ತಿರುಗಿಸಿದಳು. ಕಚ್ಚಲಿಲ್ಲ. ಬಿಸಿನೀರು ಸುಮ್ಮನೆ ಸುರಿಯಿತು. ಸ್ನಾನವೆಂದರೆ ಇಷ್ಟೇ, ಇಷ್ಟು ಸುಲಭ! ಮದುವೆಯಾದಂದಿನಿಂದ ಹೆದರಿ ಮಾಡಿದ ಒಂದೊಂದು ಸ್ನಾನವೂ ನೆನಪಾಗಿ ಅವಳಿಗೆ ಅಳುವೂ ಹೇಸಿಗೆಯೂ ಒಟ್ಟಿಗೇ ಬಂದವು.

ತಲೆ ಒರೆಸುತ್ತ ಹೊರಬಂದಾಗ ಒಡಿಲೊನ್ ಚೀಲ ಹೆಗಲಿಗೇರಿಸಿ ಕಾಯುತ್ತಿದ್ದ. ಅವಳು ಬಾಗಿಲಲ್ಲಿ ಬಿಟ್ಟಿದ್ದ ತನ್ನ ರಬ್ಬರ್ ಚಪ್ಪಲಿಯನ್ನು ಅವನ ಚೀಲಕ್ಕೆ ಹಾಕಿದಳು.

"ತಗೊಂಡು ಹೋಗು. ಇವತ್ತಿಂದ ನೀನು ಹಾಕ್ಕೊಂಡು ಸ್ನಾನ ಮಾಡು. ನಾನು ಇಲ್ಲೇ ಇರ್ತೀನಿ."