ಕಂಪ್ಯೂಟರ್ ಬಂದ್ ಮಾಡಿದ್ದೆನೇ?

ಹೆಂಡತಿ ಮೊದಲ ಸಲ ಅದನ್ನು ಹೇಳಿದಾಗ ನಾನು ಬೆಳಗಿನ ವಾಕಿಂಗ್ ಮುಗಿಸಿ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ.

"ನಿಮ್ಮ ಕಂಪ್ಯೂಟರ್ ರಾತ್ರಿಯಿಡೀ ಉರಿದಿದೆ. ಅದನ್ನು ಬಂದ್ ಮಾಡ್ಲಿಕ್ಕೂ ನಾನೇ ನೆನಪು ಮಾಡ್ಬೇಕಾ?"

"ಬಂದ್ ಮಾಡಿದ್ದೆ."

"ಹಾಗಾದ್ರೆ ಅದಕ್ಕೂ ಬೆಳಿಗ್ಗೆ ತನ್ನಷ್ಟಕ್ಕೇ ಎಚ್ಚರ ಆಗ್ತದಾ ಮಾರಾಯ್ರೆ?"

ನಾನು ಬಗ್ಗಿ ನೋಡಿದೆ. ಮೇಜಿನ ಕೆಳಗಿನ ಡಬ್ಬದಲ್ಲಿ ಫ್ಯಾನ್ ಗುಂಯ್ಗುಡುತ್ತಿತ್ತು, ಪರದೆ ಪಾಸ್‌ವರ್ಡ್ ಕೇಳುತ್ತ ನಿಂತಿತ್ತು. ಹಿಂದಿನ ಸಂಜೆ ಬಂದ್ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಕೈಯಲ್ಲಿ ಮೌಸು, ಪರದೆ ನೀಲಿಯಾಗಿ ಆಮೇಲೆ ಕಪ್ಪಾದದ್ದು, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದದ್ದು. ಆದರೆ ಅದು ಹಿಂದಿನ ಸಂಜೆಯದೇ? ಅದರ ಹಿಂದಿನ ಸಂಜೆಯೂ ಪರದೆ ಕಪ್ಪಾಗಿತ್ತು, ಒಗ್ಗರಣೆ ಬಿದ್ದಿತ್ತು. ದಿನವೂ ಒಂದೇ ರೀತಿ ಮಾಡುವ ಕೆಲಸದ ನೆನಪಿಗೆ ತಾರೀಖು ಇರುವುದಿಲ್ಲ.

ಮುಂಬಯಿಯ ಕಲೀನಾದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಆಮೇಲೆ ಅದನ್ನೇ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ನೋಡಿದ್ದನ್ನೂ ಎರಡು ಸಲ ಅಳೆಯದೆ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಂಡೇ ಬಂದವನು. ಆ ಬುದ್ಧಿ ಈಗ ನನ್ನ ಕಡೆಗೇ ತಿರುಗಿತು.

ಮರುದಿನವೂ ಅದೇ ಆಯಿತು. ಆಮೇಲೆ ಹೆಚ್ಚುಕಡಿಮೆ ದಿನವೂ. ಇತ್ತೀಚೆಗೆ ನಮ್ಮ ಹಳೆಯ ಕಂಪ್ಯೂಟರ್ ಕೆಟ್ಟಾಗ ಮಲಾಡಿನಲ್ಲಿರುವ ಮಗಳು ತನ್ನ ಆಫೀಸಿನಲ್ಲಿ ಬದಲಾಯಿಸಿದ್ದೊಂದನ್ನು ತಂದುಕೊಟ್ಟಿದ್ದಳು, ಇದು ಅದೇ. ಅವಳಿಗೆ ಫೋನ್ ಮಾಡಿದೆ.

"ಪಪ್ಪಾ, ನೀವು ಸ್ಲೀಪ್ ಒತ್ತಿರ್ತೀರಿ. ಸ್ಲೀಪ್, ಶಟ್‌ಡೌನ್ ಅಕ್ಕಪಕ್ಕದಲ್ಲೇ ಇದೆ, ದೋನೋ ಬಾಜೂ ಬಾಜೂ ಮೇ ಹೈ ನಾ."

"ಶಟ್‌ಡೌನೇ ಒತ್ತಿದ್ದು."

"ಶೂರ್?"

ಅದನ್ನು ಬಿಟ್ಟು, ಈಗ ಏನು ಮಾಡಬೇಕೆಂದು ಕೇಳಿದೆ.

ಅವಳು ಹೇಳಿದ್ದನ್ನೆಲ್ಲ ಮಾಡಿದೆ. ಬೇಗ ಶುರುವಾಗಲಿ ಎಂದು ಯಂತ್ರ ಪೂರ್ತಿ ಆರದೆ ಅರೆನಿದ್ದೆಯಲ್ಲಿರುವ ಒಂದು ಸೌಲಭ್ಯವಿರುತ್ತದಂತೆ, ಅದನ್ನು ತೆಗೆದೆ. ಪ್ರಿಂಟರಿನ ತಂತಿ ಕಿತ್ತೆ. ಮರುದಿನ ಮೌಸಿನದನ್ನೂ ಕಿತ್ತೆ. ಕೊನೆಗೆ ಇಂಟರ್ನೆಟ್ ತಂತಿಯನ್ನೂ ತೆಗೆದಿಟ್ಟೆ. ಸಂಜೆ ಕುರ್ಚಿ ಹಾಕಿ ಕೂತು, ಅದು ಆರುವುದನ್ನು ಕೊನೆಯವರೆಗೆ ನೋಡಿದೆ. ಫ್ಯಾನ್ ನಿಂತಿತು, ಮುಂದಿನ ಸಣ್ಣ ದೀಪ ಹೋಯಿತು. ಹಿಂಬದಿಯ ಜಾಲರಿಗೆ ಬೆರಳಿಟ್ಟೆ, ಗಾಳಿಯಿಲ್ಲ. ಗುರುತಿಗೆಂದು ಪರದೆಯ ಮೇಲೆ ಒಂದು ಟವೆಲ್ ಹೊದಿಸಿದೆ. ಬೆಳಿಗ್ಗೆ ವಾಕಿಂಗಿನಿಂದ ಬಂದಾಗ ಟವೆಲ್ ಇದ್ದಲ್ಲೇ ಇತ್ತು, ಅದರ ಹಿಂದೆ ಬೆಳಕಿತ್ತು.

ಒಂದೆರಡು ದಿನ ಟವೆಲ್ ನನಗೆ ಧೈರ್ಯ ಕೊಟ್ಟಿತು. ಆಮೇಲೆ ಅದೂ ಅಭ್ಯಾಸವಾಯಿತು. ಬಂದ್ ಮಾಡದೆಯೂ ಟವೆಲ್ ಹೊದಿಸಿರಬಹುದಲ್ಲ.

ಹೆಂಡತಿಯನ್ನು ಸಂಜೆ ಸಾಕ್ಷಿಗೆ ಕರೆಯಬಹುದಿತ್ತು. ಕರೆಯಲಿಲ್ಲ. ಅವಳೆದುರು ಸರಿಯಾಗಿ ಬಂದ್ ಮಾಡಿ, ಬೆಳಿಗ್ಗೆಯೂ ಅದು ಬಂದಾಗಿಯೇ ಇದ್ದರೆ ಆಮೇಲೆ ಹೇಳಲಿಕ್ಕೆ ನನಗೇನೂ ಉಳಿಯುತ್ತಿರಲಿಲ್ಲ. ವಾಕಿಂಗಿಗೆ ಹೊರಡುವಾಗಲೂ ಅದೇ ಅಳುಕಿನಿಂದ ಮೇಜಿನ ಕಡೆ ನೋಡದೆ ಬಾಗಿಲೆಳೆದುಕೊಳ್ಳುತ್ತಿದ್ದೆ. ವಿದ್ಯಾರ್ಥಿಯೊಬ್ಬ ಹೀಗೆ ಪ್ರಯೋಗದಿಂದ ತಪ್ಪಿಸಿಕೊಂಡಿದ್ದರೆ ನಾನು ಲ್ಯಾಬಿನಿಂದ ಹೊರಗೆ ಕಳಿಸುತ್ತಿದ್ದೆ.

ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮದು ಚೆಂಬೂರಿನ ಹಳೆಯ ಬಿಲ್ಡಿಂಗಿನಲ್ಲಿ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ದೇವರ ಗೂಡು ಇರುವುದೂ ಹಾಲ್‌ನಲ್ಲೇ, ನನ್ನ ಮೇಜಿನ ಪಕ್ಕದಲ್ಲಿ. ಅದರೊಳಗಿನ ಕರೆಂಟಿನ ದೀಪಕ್ಕೂ ಕಂಪ್ಯೂಟರಿಗೂ ಇರುವುದು ಒಂದೇ ಬೋರ್ಡು, ಆ ಬೋರ್ಡಿಗೆ ಒಂದೇ ಸ್ವಿಚ್ಚು. ದೇವರ ದೀಪ ನಮ್ಮಲ್ಲಿ ಸಂಜೆಯ ಮೇಲೆ ಆರುವಂತಿಲ್ಲ. ನಾನು ದೇವರನ್ನು ನಂಬುವವನಲ್ಲ. ಆದರೆ ಆ ಸ್ವಿಚ್ಚಿಗೆ ಕೈ ಹಾಕಿದವನೂ ಅಲ್ಲ.

ಬೇರೆಯವರ ಮನೆಯಲ್ಲಾದರೆ ಇದು ನಗುವ ವಿಷಯ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ, ಅದಕ್ಕೆ ನನ್ನ ಅಣ್ಣ ಕಾರಣ. ರಿಫೈನರಿಯಲ್ಲಿ ಇಡೀ ಆಯುಷ್ಯ ಲೆಕ್ಕತಪ್ಪದೆ ದುಡಿದವನು ಮೊದಲು ಗ್ಯಾಸ್ ಆರಿಸಲು ಮರೆತ, ಆಮೇಲೆ ಮನೆಯ ಬೀಗ. ಒಂದು ಮಧ್ಯಾಹ್ನ ಕುರ್ಲಾಕ್ಕೆ ಹೋಗುತ್ತೇನೆಂದು ಹೊರಟವನು ಎದುರು ದಿಕ್ಕಿನ ಲೋಕಲ್ ಹತ್ತಿ ಪನ್ವೇಲಿನಲ್ಲಿ ಸಿಕ್ಕ. ಬೆಂಚಿನ ಮೇಲೆ ಕೂತಿದ್ದ. ಇಳಿಯುವ ಸ್ಟೇಷನ್ ಇನ್ನೂ ಬಂದಿಲ್ಲ ಎಂದು ನನಗೇ ಸಮಾಧಾನ ಹೇಳಿದ.

ನಾನು ಪ್ರತಿ ಶನಿವಾರ ಲೋಕಲ್ ಹಿಡಿದು ಫೋರ್ಟಿಗೆ ಹೋಗುತ್ತೇನೆ. ಅಲ್ಲಿ ಒಂದು ಕಟ್ಟಡದ ಮಹಡಿಯ ಕೋಣೆಯಲ್ಲಿ ಮುಂಬಯಿಯಲ್ಲೇ ಹುಟ್ಟಿ ಬೆಳೆದವರಿಗೆ ಕನ್ನಡ ಕಲಿಸುತ್ತೇನೆ. ಬ್ಯಾಂಕಿನ ಹುಡುಗಿಯರು, ಹೋಟೆಲಿನವರ ಮಕ್ಕಳು. "ಸರ್, ನಂಗೆ ಸಮಝ್ ಆಗ್ತದೆ, ಬೋಲ್ನೆ ಮೇ ಅಟಕ್ತದೆ" ಎನ್ನುತ್ತಾರೆ, ಅರ್ಥವಾಗುತ್ತದೆ, ಮಾತಾಡಲು ಹೋದರೆ ತಡೆಯುತ್ತದೆ ಎಂದು. ನಿವೃತ್ತಿಯ ನಂತರ ನನಗೆ ವಾರಕ್ಕೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಸುವ ಕೆಲಸ ಅದೊಂದೇ. ಪಾಠಗಳನ್ನು ಸಿದ್ಧಮಾಡುವುದೂ ಇದೇ ಕಂಪ್ಯೂಟರಿನಲ್ಲಿ.

"ಇನ್ನು ಫೋರ್ಟಿಗೆ ಒಬ್ಬರೇ ಹೋಗುವುದು ಬೇಡ," ಎಂದಳು ಹೆಂಡತಿ ಒಂದು ದಿನ, ಹೀರೆಕಾಯಿ ಹೆರೆಯುತ್ತ, ನನ್ನ ಮುಖ ನೋಡದೆ. "ಡಾಕ್ಟರ್ ಹತ್ರ ಹೋಗಿ ಬರುವ. ಅವರು ಎಂಥ ಇಲ್ಲ ಅಂದ್ರೆ ಮತ್ತೆ ಹೋಗಿ."

"ಯಾವ ಡಾಕ್ಟರು?"

"ನಿಮ್ಮ ಅಣ್ಣನನ್ನು ನೋಡ್ತಿದ್ದರಲ್ಲ, ಅವರೇ. ಅಪಾಯಿಂಟ್‌ಮೆಂಟ್ ತಗೊಂಡಾಗಿದೆ."

ಆ ಶನಿವಾರ ನಾನು ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಕ್ಲಾಸಿನವರಿಗೆ ಮೆಸೇಜ್ ಕಳಿಸಿದೆ. ಆಮೇಲೆ ಕಳಿಸಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಫೋನ್ ತೆಗೆದು ನೋಡಿದೆ.

ಮುಂದಿನ ವಾರ ಮೊಣಕಾಲು ಊದಿಕೊಂಡು ವಾಕಿಂಗ್ ತಪ್ಪಿತು. ಬೆಳಿಗ್ಗೆ ನಾನು ಮನೆಯಲ್ಲಿರುವುದೇ ಅಪರೂಪ. ಪೇಪರ್ ಹಿಡಿದು ಹಾಲ್‌ನ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದೆ. ಟವೆಲಿನ ಹಿಂದೆ ಕತ್ತಲಿತ್ತು, ಅಂದರೆ ಈ ಸಲ ಬಂದ್ ಮಾಡಿದ್ದೇನೆ ಎಂದುಕೊಂಡೆ. ಹೆಂಡತಿ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡು ಬಂದಳು. ಸೀರೆಯ ಒಣ ಸೆರಗನ್ನು ಬೆರಳಿಗೆ ಸುತ್ತಿ ಬೋರ್ಡಿನ ಸ್ವಿಚ್ ಆರಿಸಿದಳು. ಒದ್ದೆ ಬಟ್ಟೆಯಿಂದ ಗೂಡು ಒರೆಸಿ, ಹಳೆಯ ಹೂ ತೆಗೆದು ಹೊಸದಿಟ್ಟಳು. ಮತ್ತೆ ಸೆರಗು ಸುತ್ತಿ ಸ್ವಿಚ್ ಹಾಕಿ, ನೈವೇದ್ಯದ ಹಾಲು ತರಲು ಒಳಗೆ ಹೋದಳು.

ದೇವರ ದೀಪ ಕೂಡಲೇ ಹತ್ತಿತ್ತು. ಅವಳು ಅಡುಗೆಮನೆ ಸೇರುವಷ್ಟರಲ್ಲಿ ಮೇಜಿನ ಕೆಳಗಿನಿಂದ ಸಣ್ಣದೊಂದು ಕೀಂ ಸದ್ದು ಬಂತು, ಫ್ಯಾನ್ ತಿರುಗತೊಡಗಿತು, ಟವೆಲ್ ನೀಲಿಯಾಯಿತು.

ನಾನು ಮೊಣಕಾಲು ಮರೆತು ಎದ್ದು ನಿಂತೆ. "ಇಲ್ಲಿ ಬಾ. ನೀನು ಈ ಸ್ವಿಚ್ ದಿನಾ ತೆಗೀತೀಯಾ?"

"ಒದ್ದೆ ಕೈಯಲ್ಲಿ ಕರೆಂಟಿನ ದೀಪ ಮುಟ್ಲಿಕ್ಕಾಗ್ತದಾ? ತೆಗೆದೇ ಒರೆಸುವುದು."

"ದಿನಾ?"

"ಪೂಜೆ ಮತ್ತೆ ವಾರಕ್ಕೊಮ್ಮೆಯಾ?"

"ನನಗೆ ಯಾಕೆ ಹೇಳಲಿಲ್ಲ?"

"ದೇವರ ಗೂಡು ಒರೆಸಿದ್ದನ್ನು ನಿಮಗೆ ಎಂಥ ಹೇಳುವುದು? ನೀವು ಆ ಕಡೆ ನೋಡಿದ್ದುಂಟಾ?"

ನೋಡಿದ್ದಿಲ್ಲ. ಮಗಳಿಗೆ ಫೋನ್ ಮಾಡಿ ಹೇಳಿದೆ. "ಆಫೀಸ್ ಪಿಸಿ ಅಲ್ವಾ ಪಪ್ಪಾ. ಕರೆಂಟ್ ಹೋಗಿ ಬಂದ ಕೂಡ್ಲೇ ತಾನೇ ಆನ್ ಆಗೋ ಸೆಟಿಂಗ್ ಇಟ್ಟಿರ್ತಾರೆ. ಸಾರಿ, ನಂಗೆ ಹೊಳೀಲೇ ಇಲ್ಲ, ಮೇರೇ ದಿಮಾಗ್ ಮೇ ಆಯಾ ಹೀ ನಹೀ." ಆ ಸೆಟಿಂಗ್ ತೆಗೆಯುವುದು ಹೇಗೆಂದು ಹೇಳಿಕೊಟ್ಟಳು. ತೆಗೆದೆ. ಹೆಂಡತಿ ಈ ಸಲ ತಾನೇ ಬಂದು ಸ್ವಿಚ್ ಆರಿಸಿ ಹಾಕಿ ನೋಡಿದಳು. ದೀಪ ಮಾತ್ರ ಹತ್ತಿತು.

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಹಾಗೆ ನಕ್ಕಿದ್ದು. "ನಾನೇ ಹೊತ್ತಿಸಿ, ನಾನೇ ನಿಮಗೆ ಬಯ್ತಾ ಇದ್ದೆ ಅಲ್ವಾ? ನಿಲ್ಲಿ, ಡಾಕ್ಟರಿಗೆ ಬೇಡ ಅಂತ ಹೇಳ್ತೇನೆ." ಫೋನ್ ತೆಗೆದು ನಂಬರ್ ಹುಡುಕತೊಡಗಿದಳು.

ನಾನೂ ನಗುತ್ತಿದ್ದೆ. ನಗುತ್ತಲೇ ಒಂದೊಂದು ಬೆಳಗನ್ನೂ ಈ ಹೊಸ ಕಾರಣಕ್ಕೆ ಹೊಂದಿಸಿ ನೋಡುತ್ತಿದ್ದೆ, ಎಲ್ಲವೂ ಹೊಂದುತ್ತಿದ್ದವು. ಹಾಗೆ ನೋಡುತ್ತ ಹೋದಾಗ, ಈ ನಡುವೆ ಮಗಳಿಗೆ ಜ್ವರ ಬಂದು ಹೆಂಡತಿ ಮಲಾಡಿನಲ್ಲಿ ಉಳಿದಿದ್ದ ದಿನಗಳು ಎದುರಾದವು. ಆಗ ಮನೆಯಲ್ಲಿ ನಾನೊಬ್ಬನೇ. ಗೂಡು ಒರೆಸುವವರಿಲ್ಲ, ಸ್ವಿಚ್ ಮುಟ್ಟುವವರಿಲ್ಲ. ಆದರೂ ಒಂದು ಬೆಳಿಗ್ಗೆ ವಾಕಿಂಗಿನಿಂದ ಬಂದು ಬೀಗ ತೆಗೆದಾಗ ಖಾಲಿ ಹಾಲ್‌ನಲ್ಲಿ ಪರದೆ ಬೆಳಗುತ್ತಿತ್ತು. ಸದ್ಯ, ಅವಳಿಲ್ಲ ಎಂದುಕೊಂಡು ಆರಿಸಿದ್ದೆ.

"ನೀನು ಮಲಾಡಿನಲ್ಲಿದ್ದಾಗ, ಇದು ಹೊತ್ತಿಕೊಂಡಿತ್ತು ಅಂತ ನಾನು ಫೋನಿನಲ್ಲಿ ಹೇಳಿದ್ದೆನಾ?"

"ಇಲ್ಲ. ಅಂಥದ್ದೆಲ್ಲ ನೀವು ಹೇಳುವವರಾ?" ಅವಳು ಫೋನಿನಿಂದ ತಲೆಯೆತ್ತಿದಳು. "ಯಾಕೆ, ಇತ್ತಾ?"

"ಇತ್ತು ಅಂತ ನೆನಪು."

"ಕರೆಂಟ್ ಹೋಗಿ ಬಂದಿರ್ಬಹುದು."

ಇರಬಹುದು. ಆದರೆ ನಮ್ಮಲ್ಲಿ ಕರೆಂಟ್ ಹೋಗುವುದು ತೀರ ಅಪರೂಪ, ಹೋದರೆ ಇಡೀ ಬಿಲ್ಡಿಂಗ್ ಲಿಫ್ಟಿನ ಮುಂದೆ ಸೇರಿ ಅದನ್ನೇ ಮಾತಾಡುತ್ತದೆ. ಅಂಥ ಮಾತು ಕೇಳಿದ ನೆನಪಿಲ್ಲ. ಉಳಿಯುವುದು ಎರಡೇ. ಆ ದಿನ ನಾನು ನಿಜವಾಗಿಯೂ ಬಂದ್ ಮಾಡಲು ಮರೆತಿದ್ದೆ, ಇಲ್ಲವೇ ಅಂಥ ಬೆಳಗೇ ಇರಲಿಲ್ಲ, ಬೇರೆ ಬೆಳಗುಗಳಿಂದ ಅದನ್ನು ನಾನೇ ಕಲ್ಪಿಸಿಕೊಂಡಿದ್ದೇನೆ. ಎರಡರಲ್ಲಿ ಯಾವುದಾದರೆ ಒಳ್ಳೆಯದೆಂದು ನನಗೆ ತಿಳಿಯಲಿಲ್ಲ. ಅದಕ್ಕೆ ಇದ್ದ ಒಬ್ಬನೇ ಸಾಕ್ಷಿ ನಾನು.

"ಡಾಕ್ಟರಿಗೆ ಬೇಡ ಅನ್ನಬೇಡ," ಎಂದೆ. "ಹೋಗಿ ಬರೋಣ."

ಅವಳು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ನಗು ಎಲ್ಲಿಗೋ ಹೋಗಿತ್ತು. ಕೇಳಿದಳು, "ಮತ್ತೆ ಶನಿವಾರದ ಕ್ಲಾಸು?"

"ಹೋಗಬೇಕು ಅಂತ ಉಂಟು."

"ನಾನೂ ಬರ್ತೇನೆ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ತೇನೆ, ನನಗೆ ಪ್ರಶ್ನೆ ಕೇಳುವುದು ಬೇಡ."

ಬೇಡ ಎನ್ನಬೇಕೆಂದಿದ್ದೆ. "ಬಾ," ಎಂದೆ.